ಮದ್ದಿನ ಗಿಡಕ್ಕೆ ಮದ್ದು ಬಿಡುವ ಮೊದಲು

ನಮ್ಮ ಕಾಸರಗೋಡು ಸೀಮೆಯ ಮಾತಿನಲ್ಲಿ ‘ಮದ್ದು’ ಎಂಬ ಒಂದು ಪದಕ್ಕೆ ಎರಡು ಕೆಲಸ. ಜ್ವರ ಬಂದ ಮಗುವಿಗೆ ಕುಡಿಸುವುದೂ ಮದ್ದು, ಅಡಿಕೆ ಗೊನೆಗೆ ಬಿಡುವುದೂ ಮದ್ದು. ಹಿಂದೆ ಈ ಎರಡು ಮದ್ದುಗಳಿಗೆ ಒಂದಕ್ಕೊಂದು ಸಂಬಂಧವಿರಲಿಲ್ಲ. ಒಂದು ಅಡಿಗೆ ಕೋಣೆಯ ಕಪಾಟಿನಲ್ಲಿ, ಇನ್ನೊಂದು ಪಂಪಿನ ಕೊಟ್ಟಿಗೆಯ ಮೂಲೆಯಲ್ಲಿ. ಔಷಧೀಯ ಗಿಡಗಳನ್ನು ಹಿತ್ತಿಲ ಮೂಲೆಯಿಂದ ಎಬ್ಬಿಸಿ ಸಾಲು ಸಾಲಾಗಿ ಬೆಳೆಯತೊಡಗಿದ ಮೇಲೆ, ಎರಡು ಮದ್ದುಗಳೂ ಒಂದೇ ಎಲೆಯ ಮೇಲೆ ಬಂದು ಕುಳಿತಿವೆ. ತುಳಸಿ, ಆಡುಸೋಗೆ, ಹಿಪ್ಪಲಿ, ಅರಸಿನ, ವೀಳ್ಯದೆಲೆ ಬೆಳೆಯುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟಿವೆ. ಎಲೆಯಲ್ಲಿ ಒಂದು ಚುಕ್ಕೆ ಕಂಡ ಕೂಡಲೇ ಪೇಟೆಗೆ ಹೋಗಿ, ಅಂಗಡಿಯವನು ಕೊಟ್ಟ ಪೊಟ್ಟಣವನ್ನು ನೀರಿಗೆ ಕಲಸಿ ಬಿಡುವ ಅಭ್ಯಾಸವೂ ಅದರ ಜೊತೆಗೇ ಬೆಳೆದಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಗಿಡದ ಎಲೆಯನ್ನೇ ನಾವು ಔಷಧಿಯೆಂದು ತಿನ್ನುತ್ತೇವೋ, ಅರೆದು ಕುಡಿಯುತ್ತೇವೋ, ಆ ಗಿಡಕ್ಕೆ ಶಿಲೀಂಧ್ರನಾಶಕ ಬಿಡಲೇಬಾರದು. ಪೇಟೆಯ ಪುಡಿಯೂ ಬೇಡ, ನಮ್ಮ ಬೋರ್ಡೋ ದ್ರಾವಣವೂ ಬೇಡ. ಬೇರು, ಗೆಡ್ಡೆ, ಕಾಯಿ ಉಪಯೋಗಿಸುವ ಗಿಡಗಳ ಲೆಕ್ಕ ಬೇರೆ. ಅದನ್ನೂ ಮುಂದೆ ಹೇಳುತ್ತೇನೆ. ಎಲೆರೋಗಕ್ಕೆ ‘ಯಾವ ಮದ್ದು ಒಳ್ಳೆಯದು?’ ಎಂದು ಕೇಳುವ ಮೊದಲು ‘ಈ ಗಿಡದ ಯಾವ ಭಾಗ ಯಾರ ಹೊಟ್ಟೆಗೆ ಹೋಗುತ್ತದೆ, ಯಾವಾಗ ಹೋಗುತ್ತದೆ?’ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ನಮ್ಮಲ್ಲಿ ಕೇಳುವುದಿಲ್ಲ.

ನಮ್ಮ ಕಡೆ ಇದೊಂದು ವಿಚಿತ್ರ ಕಾಲಯೋಗ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಎಲೆರೋಗಗಳು ಉಚ್ಛ್ರಾಯದಲ್ಲಿರುವುದು ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಾವು ಎಲೆಗಳನ್ನು ಮದ್ದೆಂದು ತಿನ್ನುವುದೂ ಸರಿಯಾಗಿ ಅದೇ ತಿಂಗಳಲ್ಲಿ. ತಿಮರೆಯ ಚಟ್ನಿ, ಒಂದೆಲಗದ ತಂಬುಳಿ, ತಗತೆ ಸೊಪ್ಪಿನ ಪಲ್ಯ, ಕೆಸುವಿನೆಲೆಯ ಪತ್ರೊಡೆ ಎಲ್ಲವೂ ಆಟಿಯದ್ದೇ. ನಮ್ಮ ಮಲಯಾಳಿ ನೆರೆಯವರ ಕರ್ಕಾಟಕ ಗಂಜಿಯ ಮದ್ದೂ ಅದೇ ಹೊತ್ತಿನದು. ಅಡಿಕೆ ತೋಟಕ್ಕೆ ಎರಡನೆಯ ಸಲ ಮದ್ದು ಬಿಡುವ ಹೊತ್ತೂ ಅದೇ. (ಆಟಿ ಅಮಾವಾಸ್ಯೆಗೆ ಕೆತ್ತಿ ತರುವ ಹಾಲೆಮರದ ತೊಗಟೆಯೊಂದೇ ಇವೆಲ್ಲದರಿಂದ ಪಾರಾಗಿದೆ. ಆ ಮರಕ್ಕೆ ಯಾರೂ ಮದ್ದು ಬಿಡುವುದಿಲ್ಲವಲ್ಲ!)

ಎಲೆರೋಗ ಬರುವ ಬಗೆಯನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಶಿಲೀಂಧ್ರವೆಂದರೆ ಹಳೆ ಚಪ್ಪಲಿಯ ಮೇಲೆ, ಒದ್ದೆ ಗೋಡೆಯ ಮೇಲೆ ಬರುವ ಬೂಷ್ಟಿನ ಜಾತಿ. ಅದರ ಬೀಜಾಣು ಕಣ್ಣಿಗೆ ಕಾಣದ ಧೂಳು. ಗಾಳಿಯಲ್ಲಿ ಬರುತ್ತದೆ, ಮಳೆಹನಿ ನೆಲಕ್ಕೆ ಬಡಿದು ಎಗರುವಾಗ ಮಣ್ಣಿನ ಜೊತೆ ಬರುತ್ತದೆ, ಕೊಯ್ಯುವವರ ಕೈಯಲ್ಲಿ, ಕತ್ತಿಯ ಬಾಯಲ್ಲಿ ಬರುತ್ತದೆ. ಆದರೆ ಎಲೆಯ ಮೇಲೆ ಬಿದ್ದ ಮಾತ್ರಕ್ಕೆ ರೋಗವಾಗುವುದಿಲ್ಲ. ಎಲೆ ಹಲವು ತಾಸು ಎಡೆಬಿಡದೆ ಒದ್ದೆಯಾಗಿಯೇ ಇರಬೇಕು. ಆ ನೀರಿನ ಪದರದಲ್ಲಿ ಬೀಜಾಣು ಮೊಳೆತು ಎಲೆಯ ಒಳಗೆ ಇಳಿಯುತ್ತದೆ. ನಡುವೆ ಬಿಸಿಲು ಬಂದು ಗಾಳಿ ಆಡಿ ಎಲೆ ಒಣಗಿತೆಂದರೆ ಹೆಚ್ಚಿನವು ಅಲ್ಲೇ ಸತ್ತುಹೋಗುತ್ತವೆ. ಆದುದರಿಂದ ರೋಗಕ್ಕೆ ನಿಜವಾದ ಗೊಬ್ಬರ ಒದ್ದೆ, ನೆರಳು ಮತ್ತು ಇಕ್ಕಟ್ಟು. ಈ ಮೂರರಲ್ಲಿ ಮಳೆಯನ್ನು ನಿಲ್ಲಿಸಲು ನಮ್ಮಿಂದಾಗದು. ಉಳಿದೆರಡು ನಮ್ಮ ಕೈಯಲ್ಲೇ ಇವೆ.

ಕಂಡ ಚುಕ್ಕೆಯೆಲ್ಲ ಶಿಲೀಂಧ್ರವೂ ಅಲ್ಲ. ಹಿಪ್ಪಲಿಯ ಅಥವಾ ವೀಳ್ಯದ ಎಲೆಯಲ್ಲಿ ಬಿಸಿನೀರು ಬಿದ್ದಂತೆ ಒದ್ದೆ ಮಚ್ಚೆ ಎದ್ದು, ಎರಡು ಮೂರು ದಿನದಲ್ಲಿ ಕಪ್ಪಾಗಿ ಕೊಳೆತು ಜೋತು ಬಿದ್ದರೆ ಅದು ಫೈಟಾಫ್ತೊರಾ, ಅಡಿಕೆಯ ಕೊಳೆರೋಗದ ಸಂಬಂಧಿ. (ವಿಜ್ಞಾನಿಗಳು ಈಗ ಇದನ್ನು ನಿಜವಾದ ಶಿಲೀಂಧ್ರಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ, ಆದರೆ ತೋಟದಲ್ಲಿ ಅದರ ನಡತೆ ಹಾಗೆಯೇ.) ಕಂದು ಚುಕ್ಕೆ, ಸುತ್ತ ಹಳದಿ ಬಳೆ, ನಡುವೆ ಬೂದು ಬಣ್ಣ, ಕೆಲವು ದಿನ ಕಳೆದು ನಡುಭಾಗ ಹರಿದು ತೂತಾದರೆ ಅದು ಎಲೆಚುಕ್ಕೆಯ ಗುಂಪು. ಅರಸಿನದಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕಾಣುವುದು ಹೆಚ್ಚಾಗಿ ಇದೇ. ಧನು ತಿಂಗಳ ಚಳಿಯಲ್ಲಿ ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಬಂದರೆ ಬೂದಿರೋಗ. ಇದೊಂದಕ್ಕೆ ಮಾತ್ರ ಎಲೆ ನೀರಿನಲ್ಲಿ ತೋಯ್ದಿರಬೇಕೆಂದಿಲ್ಲ. ಇವಾವುದೂ ಅಲ್ಲದೆ ಹಳೆಯ ಎಲೆಗಳು ಮಾತ್ರ ಅಂಚಿನಿಂದ ಒಣಗುತ್ತ ಬಂದರೆ ಮಣ್ಣಿನಲ್ಲಿ ಏನೋ ಕೊರತೆಯಿದೆ, ಇಲ್ಲವೇ ಬುಡದಲ್ಲಿ ನೀರು ನಿಂತಿದೆ. ಅದಕ್ಕೆ ಶಿಲೀಂಧ್ರನಾಶಕ ಬಿಡುವುದು ಹಲ್ಲುನೋವಿಗೆ ಕಾಲಿಗೆ ಎಣ್ಣೆ ತಿಕ್ಕಿದ ಹಾಗೆ. ಗುರುತು ಸಿಗದಿದ್ದರೆ ನಾಲ್ಕು ರೋಗದೆಲೆಗಳನ್ನು ಕಾಗದದಲ್ಲಿ ಸುತ್ತಿ ಪಂಚಾಯತಿನ ಕೃಷಿಭವನಕ್ಕೋ, ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಆವರಣದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಬಹುದು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿದರೆ ಎಲೆ ದಾರಿಯಲ್ಲೇ ಕೊಳೆಯುತ್ತದೆ, ನೋಡುವವರಿಗೆ ಏನೂ ತಿಳಿಯದು.

ಈಗ ಯಾವ ಭಾಗ ಹೊಟ್ಟೆಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಬರೋಣ.

ಹಿಪ್ಪಲಿಯಲ್ಲಿ ನಮಗೆ ಬೇಕಾದುದು ಕಾಯಿ ಮತ್ತು ಬೇರು. ಅರಸಿನ, ಕಚ್ಚೋಲಗಳಲ್ಲಿ ಗೆಡ್ಡೆ. ಸರ್ಪಗಂಧದಲ್ಲಿ ಬೇರು. ಇವುಗಳ ಎಲೆ ಕೊಳೆತುಹೋದರೆ ಗಿಡಕ್ಕೆ ಅನ್ನ ಬೇಯಿಸುವ ಒಲೆಯೇ ಆರಿದಂತೆ. ಗೆಡ್ಡೆ ಸಣ್ಣದಾಗುತ್ತದೆ, ಕಾಯಿ ನಿಲ್ಲುವುದಿಲ್ಲ. ಇಂಥ ಗಿಡಕ್ಕೆ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಒಮ್ಮೆ ಶೇಕಡಾ 1ರ ಬೋರ್ಡೋ ಬಿಡುವುದನ್ನು ನಾನು ವಿರೋಧಿಸುವುದಿಲ್ಲ. ಹಿಪ್ಪಲಿ ತೋಟದಲ್ಲಿ ಅದಿಲ್ಲದೆ ಎರಡನೆಯ ವರ್ಷದ ಬಳ್ಳಿ ಉಳಿಸುವುದು ಕಷ್ಟವೇ. ಕಾಯಿ ಬಲಿತು ಕೊಯ್ಲಿಗೆ ಬರುವ ಹೊತ್ತಿಗೆ ಮಾತ್ರ ಸಿಂಪಡಣೆ ನಿಂತು ಬಹಳ ದಿನಗಳಾಗಿರಬೇಕು.

ಒಂದೆಲಗ, ತುಳಸಿ, ಆಡುಸೋಗೆ, ದೊಡ್ಡಪತ್ರೆ, ವೀಳ್ಯದೆಲೆ, ನೆಲಬೇವು ಹಾಗಲ್ಲ. ಇವುಗಳಲ್ಲಿ ರೋಗ ಬರುವುದೂ ಎಲೆಗೆ, ಮದ್ದು ಬೀಳುವುದೂ ಎಲೆಗೆ, ನಾವು ತಿನ್ನುವುದೂ ಅದೇ ಎಲೆಯನ್ನು. ನೆಲಬೇವನ್ನಂತೂ ಬುಡದಿಂದ ಕೊಯ್ದು ಇಡೀ ಗಿಡವನ್ನೇ ಒಣಗಿಸುತ್ತೇವೆ. ನಡುವೆ ಸಿಪ್ಪೆಯಿಲ್ಲ, ಕರಟವಿಲ್ಲ, ಮಣ್ಣಿನ ಮರೆಯೂ ಇಲ್ಲ.

‘ತೊಳೆದರೆ ಹೋಗುತ್ತದೆ’ ಎನ್ನುವವರಿದ್ದಾರೆ. ಮೇಲ್ಮೈಯಲ್ಲಿ ನಿಲ್ಲುವ ಮದ್ದು ಸ್ವಲ್ಪ ಹೋಗುತ್ತದೆ, ನಿಜ. ಆದರೆ ಮಳೆಗೆ ತೊಳೆದು ಹೋಗದಿರಲೆಂದು ನಾವೇ ಅದಕ್ಕೆ ಅಂಟು ಬೆರೆಸಿ ಬಿಡುವುದಲ್ಲವೇ? ಧಾರಾಕಾರ ಮಳೆಗೆ ಹೋಗದ್ದು ಬಟ್ಟಲು ನೀರಿಗೆ ಪೂರ್ತಿ ಹೋದೀತೆ? ಕಾರ್ಬೆಂಡಜಿಮ್‌ನಂಥವು ಎಲೆಯ ಒಳಕ್ಕೇ ಇಳಿದು ರಸದಲ್ಲಿ ಓಡಾಡುವ ಮದ್ದುಗಳು. ಅವನ್ನು ಹೊರಗಿನಿಂದ ತೊಳೆಯುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಲೆಕ್ಕವನ್ನು ನಮ್ಮವರು ಮಾಡುವುದೇ ಇಲ್ಲ. ಹಸಿ ಎಲೆಯಲ್ಲಿ ನೂರಕ್ಕೆ 75ರಿಂದ 80 ಪಾಲು ನೀರು. ನಾಲ್ಕೈದು ಕಿಲೋ ಹಸಿ ಸೊಪ್ಪು ಒಣಗಿದರೆ ಒಂದು ಕಿಲೋ. ನೀರು ಆರಿತು, ಮದ್ದಿನ ಶೇಷದಲ್ಲಿ ಹೆಚ್ಚಿನದು ಅಲ್ಲೇ ಉಳಿಯಿತು. ಅಂದರೆ ಕಿಲೋ ಒಂದಕ್ಕೆ ಅದರ ಪ್ರಮಾಣ ನಾಲ್ಕೈದು ಪಟ್ಟು. ಆ ಒಣ ಸೊಪ್ಪನ್ನು ನಾಲ್ಕು ಲೋಟ ನೀರಿಗೆ ಹಾಕಿ ಒಂದು ಲೋಟಕ್ಕೆ ಇಳಿಸಿ ಕಷಾಯ ಮಾಡುತ್ತೇವೆ. ತಾಮ್ರ ಕುದಿಸಿದರೆ ಹಬೆಯಾಗಿ ಹೋಗುವ ವಸ್ತುವಲ್ಲ. ಹೀಗೆ ಬತ್ತಿಸಿದ್ದನ್ನು ಕುಡಿಯುವವರು ಯಾರು? ಗಟ್ಟಿಮುಟ್ಟಾದ ಆಳಲ್ಲ. ಕೆಮ್ಮು ಹಿಡಿದ ಮಗು, ಬಾಣಂತಿ, ಮೂತ್ರಪಿಂಡ ದುರ್ಬಲವಾದ ಅಜ್ಜ. ಅನ್ನದ ಜೊತೆ ಒಂದು ಮೆಣಸಿನಕಾಯಿ ತಿನ್ನುವ ಲೆಕ್ಕಕ್ಕೂ ಖಾಲಿ ಹೊಟ್ಟೆಗೆ ದಿನಕ್ಕೆರಡು ಸಲ ಕಷಾಯ ಕುಡಿಯುವ ಲೆಕ್ಕಕ್ಕೂ ಅಜಗಜಾಂತರವಿದೆ. ತಾಮ್ರ ಹೆಚ್ಚಾದರೆ ಹೊಟ್ಟೆನೋವು, ವಾಂತಿ, ಭೇದಿ. ಮನೆಯವರು ಅದನ್ನು ಕಾಯಿಲೆಯ ಲಕ್ಷಣವೆಂದೇ ತಿಳಿದು ಇನ್ನೊಂದು ಲೋಟ ಕಷಾಯ ಕೊಡುತ್ತಾರೆ.

ಅರಸಿನವನ್ನು ನಾನು ಮೇಲೆ ಗೆಡ್ಡೆಯ ಪಟ್ಟಿಗೆ ಸೇರಿಸಿದೆ. ಅಲ್ಲಿಯೂ ಒಂದು ತೊಡಕಿದೆ. ಆಗಸ್ಟಿನಲ್ಲಿ ಅರಸಿನದ ಎಲೆ ನಮ್ಮ ಅಡಿಗೆಮನೆಗೆ ಬರುತ್ತದೆ. ಅಕ್ಕಿಹಿಟ್ಟು ಬಳಿದು, ಬೆಲ್ಲ ತೆಂಗಿನಕಾಯಿ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುವ ಪತ್ತೊಳಿಯನ್ನು ಗೊತ್ತಿಲ್ಲದವರು ನಮ್ಮಲ್ಲಿ ಯಾರು? ಹಿಂದೂ ನೆರೆಮನೆಗಳಲ್ಲಿ ನಾಗರಪಂಚಮಿಗೆ ಅದೇ ಎಲೆ. ಎಲೆಚುಕ್ಕೆ ಕಾಣಿಸಿಕೊಳ್ಳುವುದೂ ಆಗಲೇ, ‘ಈಗ ಬಿಟ್ಟರೆ ಗೆಡ್ಡೆ ಉಳಿಯುತ್ತದೆ’ ಎಂದು ಮ್ಯಾಂಕೋಜೆಬ್ ಬಿಡುವುದೂ ಆಗಲೇ. ಗಂಡಸರು ಗೆಡ್ಡೆಯ ಬೆಳೆಯೆಂದು ಬಿಟ್ಟಿರುತ್ತಾರೆ, ಹೆಂಗಸರು ಎಲೆಯ ಬೆಳೆಯೆಂದು ಕೊಯ್ದಿರುತ್ತಾರೆ. ನೆರೆಮನೆಯವರೂ ‘ನಾಲ್ಕು ಎಲೆ ಕೊಡಿ’ ಎಂದು ಬಂದಿರುತ್ತಾರೆ. ಹಬೆಯಲ್ಲಿ ಬೆಂದ ಎಲೆಯ ಪರಿಮಳ ಹಿಟ್ಟಿಗೆ ಇಳಿಯುವುದಾದರೆ ಎಲೆಯ ಮೇಲೆ ಇದ್ದ ಉಳಿದದ್ದೂ ಇಳಿಯುತ್ತದೆ. ಆದುದರಿಂದ ಮಾರಾಟದ ಅರಸಿನ ಸಾಲು ಬೇರೆ, ಬಾವಿಕಟ್ಟೆಯ ಬಳಿ ಮನೆಗೆಂದು ನೆಟ್ಟ ಹತ್ತು ಬುಡ ಬೇರೆ ಇರಲಿ. ಆ ಹತ್ತು ಬುಡಕ್ಕೆ ಯಾವ ಕಾರಣಕ್ಕೂ ಮದ್ದು ಬೇಡ.

ಇನ್ನು ಅಡಿಕೆ ತೋಟದ ವಿಷಯ. ನನಗೆ ಅತ್ಯಂತ ಆತಂಕವಿರುವುದು ಇಲ್ಲಿಯೇ. ಕೊಳೆರೋಗಕ್ಕೆ ಬೋರ್ಡೋ ಬಿಡದೆ ಈ ಮಳೆಯಲ್ಲಿ ಅಡಿಕೆ ಬೆಳೆಯಲಾಗದು, ಅದರಲ್ಲಿ ನನಗೆ ಸಂದೇಹವಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1880ರ ದಶಕದಲ್ಲಿ ಹುಟ್ಟಿದ ಈ ಮೈಲುತುತ್ತು–ಸುಣ್ಣದ ದ್ರಾವಣವನ್ನು ನಮ್ಮ ಅಡಿಕೆಗೆ ತಂದುಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲಿನ ಅವರ ಕೆಲಸ ಇಪ್ಪತ್ತನೆಯ ಶತಮಾನದ ಆರಂಭದ್ದು. ಕೊಟ್ಟೆ ಕಟ್ಟಿ ಗೊನೆ ಉಳಿಸುತ್ತಿದ್ದ ನಮ್ಮ ಹಿರಿಯರಿಗೆ ಅದು ದೊಡ್ಡ ಉಪಕಾರವೇ ಆಯಿತು. ಆದರೆ ಮರದ ತುದಿಗೆ ಬಿಟ್ಟ ದ್ರಾವಣವೆಲ್ಲ ಗೊನೆಯ ಮೇಲೆ ನಿಲ್ಲುವುದಿಲ್ಲ. ಹನಿಹನಿಯಾಗಿ ಕೆಳಗೆ ಇಳಿಯುತ್ತದೆ. ಕೆಳಗೆ ಏನಿದೆ? ಅದೇ ಮರಕ್ಕೆ ಹಬ್ಬಿಸಿದ ವೀಳ್ಯದ ಬಳ್ಳಿ, ಕಣಿಯ ಬದಿಯಲ್ಲಿ ತಾನಾಗಿ ಹರಡಿದ ಒಂದೆಲಗ, ಬದುವಿನ ಕೆಸು, ಆಡುಸೋಗೆಯ ಬೇಲಿ. ಮರುದಿನ ಬೆಳಗ್ಗೆ ಬುಟ್ಟಿ ಹಿಡಿದು ತಿಮರೆ ಕೊಯ್ಯಲು ಹೋಗುವವರು ಎಲೆಯ ಮೇಲಿನ ನೀಲಿ ಹನಿಯನ್ನು ನೋಡಿ ‘ಮಳೆಗೆ ಹೋಗುತ್ತದೆ’ ಎಂದುಕೊಳ್ಳುತ್ತಾರೆ.

ತಾಮ್ರ ಮಣ್ಣಿನಲ್ಲಿ ಕರಗಿ ಇಲ್ಲವಾಗುವ ವಸ್ತುವೂ ಅಲ್ಲ. ಎಪ್ಪತ್ತು ಎಂಬತ್ತು ವರ್ಷ ಬೋರ್ಡೋ ಬಿಟ್ಟ ಹಳೆಯ ತೋಟದ ಮೇಲ್ಮಣ್ಣಿನಲ್ಲಿ ವರ್ಷವರ್ಷದ್ದೂ ಸೇರುತ್ತ ಬಂದಿದೆ. ಸಾವಯವ ಕೃಷಿಯ ನಿಯಮಗಳಲ್ಲಿ ಬೋರ್ಡೋಗೆ ಮಿತಿಯೊಳಗೆ ಅವಕಾಶವಿದೆಯೆಂಬ ಕಾರಣಕ್ಕೆ ಅದನ್ನು ತುಳಸಿ ತೀರ್ಥದಂತೆ ಕಾಣುವವರನ್ನು ನೋಡಿದ್ದೇನೆ. ಅವಕಾಶವಿದೆ ಎಂದರೆ ನಿರಪಾಯ ಎಂದು ಅರ್ಥವಲ್ಲ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಮನೆಬಳಕೆಯ ಒಂದೆಲಗ, ದೊಡ್ಡಪತ್ರೆ, ತುಳಸಿಗಳನ್ನು ಅಡಿಕೆ ಮರದ ಹನಿ ಬೀಳದ ಕಡೆ, ತೋಟದ ನೀರು ಹರಿದು ಬಾರದ ಎತ್ತರದಲ್ಲಿ ನೆಡಿ. ಬಟ್ಟಲು ಬಾವಿಯ ಬದಿಯೋ, ಸುರಂಗದ ನೀರು ಬೀಳುವ ಮದಕದ ಮೇಲ್ಬದಿಯೋ ಆಗಬಹುದು. ತೋಟದೊಳಗಿನದ್ದನ್ನೇ ಉಪಯೋಗಿಸಬೇಕಾದರೆ ಮದ್ದು ಬಿಡುವ ಹಿಂದಿನ ದಿನ ಬೇಕಾದಷ್ಟು ಕೊಯ್ದಿಟ್ಟುಕೊಳ್ಳಿ. ಬಿಟ್ಟ ಮೇಲೆ ಆ ಜಾಗದ ಒಂದೆಲಗವನ್ನು ಬುಡಮಟ್ಟ ಸವರಿ ತೆಗೆದು ಹಾಕಿ, ಹೊಸ ಚಿಗುರು ಬರುವವರೆಗೆ ಕೈ ಹಾಕಬೇಡಿ. ಮಳೆಗಾಲದಲ್ಲಿ ಚಿಗುರಲು ಅದಕ್ಕೆ ಹೆಚ್ಚು ದಿನ ಬೇಡ. ವೀಳ್ಯದೆಲೆ ಮಾರುವವರಿಗೆ ಇದು ಸುಲಭವಲ್ಲ. ಪ್ರತಿ ವಾರ, ಹದಿನೈದು ದಿನಕ್ಕೊಮ್ಮೆ ಕೊಯ್ಯುವ ಎಲೆ ಅದು, ತಿನ್ನುವವನು ಅದನ್ನು ಬೇಯಿಸುವುದೂ ಇಲ್ಲ, ಲುಂಗಿಗೆ ಒರಸಿ ಬಾಯಿಗೆ ಹಾಕುತ್ತಾನೆ. ವೀಳ್ಯದ ಬಳ್ಳಿಯಿರುವ ಮರಗಳಿಗೆ ಬೋರ್ಡೋ ಬದಲು ಹಿಂದಿನಂತೆ ಕೊಟ್ಟೆ ಕಟ್ಟುವುದು ಒಂದು ದಾರಿ. ಹತ್ತಿಪ್ಪತ್ತು ಮರಕ್ಕಾದರೆ ಆದೀತು.

ಮದ್ದಿಲ್ಲದೆ ರೋಗ ತಡೆಯುವುದು ಹೇಗೆ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ, ಕತ್ತಿ. ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಆಡುಸೋಗೆ ಮತ್ತು ತುಳಸಿಯ ಕೆಳಗಿನ ಕೊಂಬೆಗಳನ್ನು ಸವರಿಬಿಡಿ. ನೆಲಕ್ಕೆ ಒಂದು ಗೇಣಿನಷ್ಟು ಎತ್ತರದವರೆಗೆ ಎಲೆ ಇರಬಾರದು; ಮಣ್ಣು ಎಗರಿ ರೋಗ ಹತ್ತುವುದು ಅಲ್ಲಿಂದಲೇ. ಆಡುಸೋಗೆಯ ಒಳ್ಳೆಯ ಎಲೆಗಳನ್ನು ಆಗಲೇ ಕೊಯ್ದು ಬಿಸಿಲಿರುವಾಗಲೇ ಒಣಗಿಸಿಟ್ಟರೆ ಇಡೀ ಮಳೆಗಾಲಕ್ಕೆ ಸಾಕು. ಜುಲೈಯ ರೋಗದೆಲೆಯನ್ನು ನೆಚ್ಚಿಕೊಳ್ಳಬೇಕಿಲ್ಲ. ಮೇಲಿನ ನೆರಳಿನ ಕೊಂಬೆಗಳನ್ನೂ ಅದೇ ವಾರ ಕಡಿಯಿರಿ. ಬುಡಕ್ಕೆ ಒಣ ತರಗೆಲೆ ಹೊದಿಸಿದರೆ ಮಳೆಹನಿಗೆ ಮಣ್ಣು ಎಗರುವುದಿಲ್ಲ. ತರಗೆಲೆ ಯಾವ ಗಿಡದ್ದಾದರೂ ಆಗಲಿ, ಅದೇ ಜಾತಿಯ ರೋಗದ ಎಲೆ ಮಾತ್ರ ಬೇಡ.

ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಸಾಲಿನಲ್ಲಿ ನಡೆದು ಚುಕ್ಕೆ ಬಿದ್ದ ಎಲೆಗಳನ್ನು ಚಿವುಟಿ ತೆಗೆಯಬೇಕು. ಇದು ಬೇಸರದ ಕೆಲಸ. ಆದರೆ ಒಂದು ಚುಕ್ಕೆಯಿಂದ ಸಾವಿರಾರು ಬೀಜಾಣು ಹೊರಡುತ್ತವೆ ಎಂಬುದನ್ನು ನೆನೆದರೆ, ಜೂನಿನಲ್ಲಿ ತೆಗೆದ ಹತ್ತು ಎಲೆ ಆಗಸ್ಟಿನ ಹತ್ತು ಗಿಡಕ್ಕೆ ಸಮ. ಚಿವುಟಿದ ಎಲೆಗಳನ್ನು ಗೊಬ್ಬರ ಗುಂಡಿಗಾಗಲಿ ಕಣಿಗಾಗಲಿ ಎಸೆಯಬೇಡಿ. ಕಣಿಯ ನೀರು ಕೆಳಗಿನ ತೋಟಕ್ಕೆ ಹೋಗುತ್ತದೆ, ಕೆಳಗಿನ ತೋಟವೂ ಒಬ್ಬರದ್ದೇ. ಬಚ್ಚಲೊಲೆಗೆ ಹಾಕಿ, ಇಲ್ಲವೇ ಆಳವಾಗಿ ಹೂಳಿ. ಮೊದಲು ಆರೋಗ್ಯವಂತ ಸಾಲು, ಕೊನೆಗೆ ರೋಗದ ಸಾಲು ಎಂಬ ಕ್ರಮದಲ್ಲಿ ನಡೆಯಿರಿ. ಎಲೆ ಒದ್ದೆಯಿರುವಾಗ ಸಾಲಿಗೆ ಇಳಿಯಲೇಬೇಡಿ.

ಅಂತರದ ವಿಷಯದಲ್ಲಿ ನಮ್ಮವರಿಗೆ ಆಸೆ ಹೆಚ್ಚು. ಗಿಡಕ್ಕೆ ಗಿಡ ತಾಗುವಂತೆ ನೆಟ್ಟರೆ ಮೊದಲ ಕೊಯ್ಲಿನಲ್ಲಿ ತೂಕ ಹೆಚ್ಚು ಬರುವುದು ನಿಜ, ಎರಡನೆಯ ಕೊಯ್ಲಿಗೆ ಗಿಡವೇ ಇರುವುದಿಲ್ಲ. ಬೇಸಿಗೆಯಲ್ಲಿ ತಲೆಯ ಮೇಲಿಂದ ಚಿಮ್ಮುವ ನೀರಾವರಿಯನ್ನು ಎಲೆಗಿಡಗಳಿಗೆ ಇಡಬಾರದು. ಇಡಲೇಬೇಕಾದರೆ ಸಂಜೆ ಬೇಡ, ಬೆಳಗ್ಗೆ ಇಡಿ. ಬಿಸಿಲಿಗೆ ಎಲೆ ಬೇಗ ಆರುತ್ತದೆ. ಯೂರಿಯಾ ಹೆಚ್ಚು ಹಾಕಿ ಎಲೆಯನ್ನು ಕೊಬ್ಬಿಸಿದರೆ ಮೆತ್ತನೆಯ ಎಲೆಗೆ ರೋಗ ಬೇಗ. ಔಷಧದ ಗುಣವೂ ತೂಕದಲ್ಲಿಲ್ಲ ಎಂಬುದು ಹಳೆಯ ವೈದ್ಯರೆಲ್ಲರ ಮಾತು.

ಮಣ್ಣಿಗೆ ಟ್ರೈಕೋಡರ್ಮ ಕೊಡಬಹುದು. 90 ಕಿಲೋ ಹುಡಿ ಹಟ್ಟಿಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ, ಒಂದೆರಡು ಕಿಲೋ ಟ್ರೈಕೋಡರ್ಮ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿ ಮುಚ್ಚಿ ಕೆಲವು ದಿನ ಇಟ್ಟರೆ ಅದು ಗೊಬ್ಬರದಲ್ಲೆಲ್ಲ ಹಬ್ಬುತ್ತದೆ. ಎಳೆಯ ಗಿಡಗಳಿಗೆ ಲೀಟರ್ ನೀರಿಗೆ 20 ಗ್ರಾಂ ಸ್ಯೂಡೋಮೊನಾಸ್ ಪುಡಿ ಕಲಸಿ ಬಿಡಬಹುದು. ಇವು ಜೀವಂತ ವಸ್ತುಗಳು. ಬೋರ್ಡೋ ಬಿಟ್ಟ ಪಂಪಿನಲ್ಲಿಯೇ ಇವನ್ನು ತುಂಬಿಸಿದರೆ ಅಲ್ಲೇ ಸಾಯುತ್ತವೆ, ಆಮೇಲೆ ‘ಜೈವಿಕ ಮದ್ದಿನಿಂದ ಪ್ರಯೋಜನವಿಲ್ಲ’ ಎಂಬ ಮಾತು ಹುಟ್ಟುತ್ತದೆ. ಹಾಗೆಯೇ ಹಸಿ ಸೆಗಣಿ ನೀರು, ಗೋಮೂತ್ರಗಳನ್ನು ಹಸಿಯಾಗಿ ತಿನ್ನುವ ಎಲೆಯ ಮೇಲೆ ಚಿಮುಕಿಸುವುದನ್ನು ನಾನು ಒಪ್ಪುವುದಿಲ್ಲ. ಅವಕ್ಕೆ ಜಾಗ ಬುಡದಲ್ಲಿ.

ಇಷ್ಟೆಲ್ಲ ಹೇಳಿದರೂ ಮಾರಾಟಕ್ಕೆ ಬೆಳೆಯುವವರು ಒಪ್ಪುವುದಿಲ್ಲ ಎಂದು ಬಲ್ಲೆ. ಅವರ ಮಾತಿನಲ್ಲಿ ಸತ್ಯವಿದೆ. ಬ್ಯಾಂಕಿನ ಸಾಲ, ಆಳಿನ ಸಂಬಳ, ಮಳೆಯಲ್ಲಿ ಕಣ್ಣೆದುರೇ ಕಪ್ಪಾಗುವ ಬೆಳೆ. ‘ಎಲೆ ಚುಕ್ಕೆಯಾದರೆ ವ್ಯಾಪಾರಿ ಮುಟ್ಟುವುದಿಲ್ಲ, ಮದ್ದು ಬಿಟ್ಟು ಹಸಿರಾಗಿಟ್ಟರೆ ಒಂದು ಮಾತೂ ಆಡದೆ ತೂಗುತ್ತಾನೆ. ಮದ್ದು ಬಿಡದೆ ನಾವು ಬದುಕುವುದು ಹೇಗೆ?’ ಎಂದು ಕೇಳುತ್ತಾರೆ. ತಪ್ಪು ಕೃಷಿಕನೊಬ್ಬನದೇ ಅಲ್ಲ. ಎಲೆಯ ಬಣ್ಣ ನೋಡಿ ಬೆಲೆ ಕಟ್ಟುವ ವ್ಯಾಪಾರ ಕ್ರಮವೇ ಸರಿಯಿಲ್ಲ. ಆದರೆ ಅದಕ್ಕೆ ಪರಿಹಾರ ಹುಡುಕುವವರೆಗೆ ರೋಗಿಗಳ ಲೋಟದಲ್ಲಿ ಅದರ ನಷ್ಟ ತುಂಬಿಸಿಕೊಳ್ಳುವುದು ನ್ಯಾಯವೇ? ಮಳೆಗಾಲದ ಕೊಯ್ಲನ್ನೇ ಬಿಟ್ಟು ಅಕ್ಟೋಬರಿನಿಂದ ಮೇ ತನಕದ ಕೊಯ್ಲನ್ನು ಮಾತ್ರ ನೆಚ್ಚಿಕೊಳ್ಳುವುದು, ಮಳೆಗಾಲದಲ್ಲಿ ಗಿಡವನ್ನು ಬೋಳಿಸಿ ಬಿಡುವುದು ನನಗೆ ಕಾಣುವ ದಾರಿ. ಆದಾಯ ಕಡಿಮೆಯಾಗುತ್ತದೆ. ಅದನ್ನು ಮರೆಮಾಚಿ ಹೇಳುವುದರಲ್ಲಿ ಅರ್ಥವಿಲ್ಲ. ಮಳೆಗಾಲವಿಡೀ ಎಲೆ ಕೊಯ್ದೇ ಬದುಕಬೇಕೆನ್ನುವವರಿಗೆ ನಮ್ಮ ಹವೆ ಹೇಳಿಸಿದ್ದಲ್ಲ. ಅಂಥವರು ಬೇರು, ಗೆಡ್ಡೆಯ ಬೆಳೆಗೆ ತಿರುಗುವುದು ಒಳ್ಳೆಯದು.

ಬಿಡುವವರು ಡಬ್ಬಿಯ ಚೀಟಿಯನ್ನಾದರೂ ಓದಿರಿ. ಯಾವ ಬೆಳೆಗೆ, ಎಷ್ಟು, ಬಿಟ್ಟ ಮೇಲೆ ಎಷ್ಟು ದಿನ ಕಾಯಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಭತ್ತ, ಆಲೂಗಡ್ಡೆ, ದ್ರಾಕ್ಷಿ, ಟೊಮೆಟೊ ಹೆಸರುಗಳು ಸಿಗುತ್ತವೆ. ತುಳಸಿ, ಆಡುಸೋಗೆ, ಒಂದೆಲಗದ ಹೆಸರು ಕಾಣುವುದು ಬಹಳ ಅಪರೂಪ. ಹೆಸರಿಲ್ಲದ ಬೆಳೆಗೆ ಕಾಯುವ ದಿನದ ಲೆಕ್ಕವನ್ನು ಯಾರೂ ಮಾಡಿಲ್ಲವೆಂದು ಅರ್ಥ. ಚೀಟಿಯಲ್ಲಿ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಿರುತ್ತವೆ. ಹಸಿರು ಎಂದರೆ ವಿಷವಲ್ಲ ಎಂದು ನಂಬಿದವರು ಅನೇಕರು. ಅದು ಉಳಿದ ಮೂರಕ್ಕಿಂತ ಕಡಿಮೆ ವಿಷ ಎಂದಷ್ಟೇ, ಅದೂ ಒಮ್ಮೆಗೇ ಹೊಟ್ಟೆಗೆ ಹೋದರೆ ಆಗುವ ಪರಿಣಾಮದ ಲೆಕ್ಕದಲ್ಲಿ. ದಿನವೂ ಸ್ವಲ್ಪ ಸ್ವಲ್ಪ ಹೋದರೆ ಏನಾಗುತ್ತದೆ ಎಂಬುದನ್ನು ಆ ತ್ರಿಕೋನ ಹೇಳುವುದಿಲ್ಲ. ನಮ್ಮಲ್ಲಿ ಮನೆಮಾತಾಗಿರುವ ಮ್ಯಾಂಕೋಜೆಬ್‌ಗೆ ಯುರೋಪಿನ ಒಕ್ಕೂಟ 2020ರಲ್ಲಿ ಅನುಮತಿ ನವೀಕರಿಸಲಿಲ್ಲ.

ಈ ಮಾತು ಬೇರೆ ಜಿಲ್ಲೆಯವರಿಗೆ ಅತಿಯೆನಿಸಬಹುದು, ಕಾಸರಗೋಡಿನವರಿಗೆ ಎನಿಸಬಾರದು. ಎಂಡೋಸಲ್ಫಾನ್ ಶಿಲೀಂಧ್ರನಾಶಕವಲ್ಲ, ಕೀಟನಾಶಕ. ಗೇರಿನ ಚಹಾ ಸೊಳ್ಳೆಗೆಂದು ಹೆಲಿಕಾಪ್ಟರಿನಿಂದ ಚೆಲ್ಲಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. 1970ರ ದಶಕದ ಉತ್ತರಾರ್ಧದಿಂದ 2000ರ ಕೊನೆಯವರೆಗೆ ಅದು ನಮ್ಮ ಗುಡ್ಡೆಗಳ ಮೇಲೆ, ತೆರೆದ ಬಾವಿ ತೋಡುಗಳ ಮೇಲೆ ಬಿತ್ತು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇಂಥವರು ಇದರತ್ತ ಬೆರಳು ತೋರಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದಕ್ಕೆ ತಡೆಯೊಡ್ಡಿತು. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಹಾಸಿಗೆ ಬಿಟ್ಟೇಳದ ಮಕ್ಕಳ ಮನೆಗಳಿಗೆ ಕಮ್ಯೂನಿಯನ್ ಒಯ್ದ ಗುರುಗಳಿಗೆ, ಧರ್ಮಭಗಿನಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾವು ಕೇಳಿದ ಮಾತು, ‘ಹೇಳಿದ ಪ್ರಮಾಣದಲ್ಲಿ ಬಿಟ್ಟರೆ ಏನೂ ಆಗುವುದಿಲ್ಲ’ ಎಂಬುದು. ಅದು ಆಗ ಮೇಲಿನಿಂದ ಬಂದ ಮಾತು, ನಮ್ಮ ಕೈಯಲ್ಲಿರಲಿಲ್ಲ. ಇಂದು ಹಿತ್ತಿಲ ತುಳಸಿಗೆ ಬಿಡುವ ಪಂಪಿನ ಹಿಡಿ ನಮ್ಮ ಕೈಯಲ್ಲೇ ಇದೆ.

ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ ‘ಲೌದಾತೊ ಸಿ’ ವಿಶ್ವಪತ್ರದ 20ನೇ ಪರಿಚ್ಛೇದದಲ್ಲಿ ಜನರ ಆರೋಗ್ಯ ಕೆಡಿಸುವ ಮಾಲಿನ್ಯಗಳ ಪಟ್ಟಿಯಿದೆ. ಅದರಲ್ಲಿ ಕೀಟನಾಶಕ, ಕಳೆನಾಶಕಗಳ ಜೊತೆ ಶಿಲೀಂಧ್ರನಾಶಕವನ್ನೂ ಹೆಸರಿಸಿದ್ದಾರೆ. ಧರ್ಮಸಭೆಯ ಪತ್ರದಲ್ಲಿ ಇಷ್ಟು ಮಣ್ಣಿನ ಮಾತು ಬರುವುದೇ ಎಂದು ಆಗ ಆಶ್ಚರ್ಯಪಟ್ಟವರಿದ್ದರು. ಸಿರಾಖನ ಗ್ರಂಥದ 38ನೇ ಅಧ್ಯಾಯ ಓದಿದವರಿಗೆ ಆಶ್ಚರ್ಯವಾಗದು. ಔಷಧಿಯನ್ನು ದೇವರು ಮಣ್ಣಿನಿಂದಲೇ ಕೊಟ್ಟನೆಂದು ಅಲ್ಲಿದೆ. ಜರ್ಮನಿ, ಪೋಲೆಂಡ್‌ಗಳಲ್ಲಿ ಆಗಸ್ಟ್ 15ರ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕೆ ಔಷಧೀಯ ಗಿಡಗಳ ಕಟ್ಟನ್ನು ದೇವಾಲಯಕ್ಕೆ ತಂದು ಆಶೀರ್ವದಿಸಿಕೊಳ್ಳುವ ಪದ್ಧತಿಯಿದೆ. ನಮ್ಮಲ್ಲಿ ತೆನೆಹಬ್ಬಕ್ಕೆ ತೆನೆ ತರುವಂತೆ.

ಕೊನೆಗೆ ಒಣಗಿಸುವ ವಿಷಯ. ಗಿಡದಲ್ಲಿರುವಾಗ ರೋಗದಿಂದ ಪಾರಾದ ಎಲೆ ಅಟ್ಟದ ಮೇಲೆ ಬೂಷ್ಟು ಹಿಡಿದು ಹಾಳಾಗುವುದು ನಮ್ಮಲ್ಲಿ ಸಾಮಾನ್ಯ. ಒಣ ಸರಕಿನ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಆದುದರಿಂದ ಬೂಷ್ಟು ಹಿಡಿದ ಸೊಪ್ಪನ್ನು ಕೊಡವಿ, ಬಿಸಿಲಿಗಿಟ್ಟು ಮತ್ತೆ ಉಪಯೋಗಿಸಬೇಡಿ, ಒಲೆಗೆ ಹಾಕಿ. ಇಬ್ಬನಿ ಆರಿದ ಮೇಲೆ ಕೊಯ್ಯಿರಿ, ತೆಳ್ಳಗೆ ಹರಡಿ, ಬೆರಳಲ್ಲಿ ತಿಕ್ಕಿದರೆ ಹುಡಿಯಾಗುವಷ್ಟು ಒಣಗಿದ ಮೇಲೆಯೇ ಡಬ್ಬಕ್ಕೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಮೇಲೆ ಕೊಯ್ದ ತಿಂಗಳನ್ನು ಬರೆದಿಡಿ. ಚುಕ್ಕೆ ಬಿದ್ದ ಎಲೆಯನ್ನು ಒಣಗಿಸಲು ಹಾಕಬೇಡಿ, ಒಳ್ಳೆಯದನ್ನೂ ಅದು ಕೆಡಿಸುತ್ತದೆ.

ಅಡಿಕೆಗೆ ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಗಳ ನಂತರ. ಅದು ಬರುವುದು ಆಟಿ ತಿಂಗಳ ಬಾಗಿಲಲ್ಲಿ. ಮಳೆ ಹೊಳವಾದ ದಿನ ಸಿಗುವುದೇ ಒಂದೆರಡು, ಮದ್ದು ಬಿಡುವ ಆಳುಗಳೂ ವಾರ್ಡಿಗೆ ಇಬ್ಬರು ಮೂವರು. ಯಾವ ದಿನ ಯಾರ ತೋಟ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ವಾರ್ಡು ಗುರಿಕಾರರು ಅವರನ್ನು ಕೇಳಿ ಆ ದಿನಗಳನ್ನು ಒಂದು ಹಾಳೆಯಲ್ಲಿ ಬರೆದು ದೇವಾಲಯದ ಪ್ರಕಟಣೆ ಹಲಗೆಗೆ ಹಾಕಿದರೆ, ಕೆಳಗಿನ ಮನೆಯವರು ಹಿಂದಿನ ಸಂಜೆಯೇ ತಿಮರೆ ಕೊಯ್ದಿಟ್ಟುಕೊಳ್ಳಬಹುದು, ಬಾವಿಗೆ ಬಲೆ ಇಲ್ಲದವರು ತೆಂಗಿನ ಮಡಲು ಮುಚ್ಚಬಹುದು. ನಮ್ಮ ತೋಟದ ಹನಿ ಬೀಳುವ ಮನೆ ನಮ್ಮ ಧರ್ಮಕೇಂದ್ರದ್ದೇ ಆಗಿರಬೇಕೆಂದಿಲ್ಲ. ಅಲ್ಲಿಗೆ ಹೋಗಿ ಬಾಯಿಮಾತಲ್ಲಿ ಹೇಳಿಬರುವುದು ಒಳ್ಳೆಯದು.